ಮೈಗ್ರೇನ್ ಮಾತ್ರೆಯ ಜೊತೆಗೆ ಗಿಡಮೂಲಿಕೆ: ಮುಂಬಯಿ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿಯ ಒಂದು ಮೆಡಿಕಲ್ ಅಂಗಡಿಯಲ್ಲಿ ನಾನು ಫಾರ್ಮಸಿಸ್ಟ್. ಕೌಂಟರಿನ ಹಿಂದೆ ಇರುವವಳಿಗೆ ಕನ್ನಡ ಬರುತ್ತದೆ ಎಂದು ಗೊತ್ತಾದ ಮೇಲೆ ನಮ್ಮವರು ಔಷಧಿ ಚೀಟಿ ಕೊಟ್ಟು ಸುಮ್ಮನೆ ಹೋಗುವುದಿಲ್ಲ, ನಿಂತು ಮಾತಾಡುತ್ತಾರೆ. ಅವರಲ್ಲಿ ಮೈಗ್ರೇನಿನವರು ಬಹಳ. ವೈದ್ಯರು ಬರೆದ ಮಾತ್ರೆ ಇರುತ್ತದೆ, ಅದರ ಜೊತೆಗೆ ಊರಿನಿಂದ ಅಮ್ಮ ಕಳಿಸಿದ ಕಷಾಯದ ಪುಡಿಯೋ ಮೊಬೈಲಿನಲ್ಲಿ ತರಿಸಿದ ಕ್ಯಾಪ್ಸೂಲಿನ ಡಬ್ಬಿಯೋ ಇರುತ್ತದೆ. ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬಹುದೇ ಎಂಬ ಪ್ರಶ್ನೆಗೆ ಕೌಂಟರಿನ ಗಡಿಬಿಡಿಯಲ್ಲಿ ಪೂರ್ತಿ ಉತ್ತರ ಕೊಡಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ. ನಿಮ್ಮ ರೋಗಕ್ಕೆ ಚಿಕಿತ್ಸೆ ಹೇಳಬೇಕಾದವರು ನಿಮ್ಮ ವೈದ್ಯರೇ. ಅವರ ಮುಂದೆ ಏನು ಹೇಳಬೇಕು, ಏನು ಕೇಳಬೇಕು ಎಂಬುದಕ್ಕೆ ಇದು ನೆರವಾದರೆ ಸಾಕು.

ನನ್ನದು ಮೈಗ್ರೇನೇ ಹೌದೋ ಅಲ್ಲವೋ? ಮನೆಯಲ್ಲಿ ಎಲ್ಲರೂ ಪಿತ್ತ ಅನ್ನುತ್ತಾರೆ.

ವಾಂತಿ ಆದ ಮೇಲೆ ತಲೆನೋವು ಇಳಿಯುವುದರಿಂದ ಪಿತ್ತ ಎನ್ನುವುದು ನಮ್ಮಲ್ಲಿ ರೂಢಿ. ಆದರೆ ಆ ವಾಂತಿ, ವಾಕರಿಕೆ ಮೈಗ್ರೇನಿನದೇ ಭಾಗ. ವೈದ್ಯರು ಮುಖ್ಯವಾಗಿ ನೋಡುವುದು ಇಷ್ಟು: ಔಷಧಿ ಇಲ್ಲದಿದ್ದರೆ ನೋವು 4ರಿಂದ 72 ಗಂಟೆ ಇರುತ್ತದೆಯೇ, ಒಂದೇ ಪಕ್ಕಕ್ಕೆ ಬರುತ್ತದೆಯೇ, ನಾಡಿ ಬಡಿದಂತೆ ಬಡಿಯುತ್ತದೆಯೇ, ಮೆಟ್ಟಿಲು ಹತ್ತಿದರೆ ಹೆಚ್ಚುತ್ತದೆಯೇ, ಬೆಳಕು ಮತ್ತು ಸದ್ದು ಸಹಿಸಲು ಆಗುವುದಿಲ್ಲವೇ. ಎಲ್ಲವೂ ಇರಲೇಬೇಕೆಂದಿಲ್ಲ. ಕೆಲವರಿಗೆ ನೋವಿಗೆ ಮೊದಲು ಕಣ್ಣ ಮುಂದೆ ಅಂಕುಡೊಂಕು ಮಿಂಚು ಕಾಣುತ್ತದೆ, ಅದನ್ನು ಔರಾ ಎನ್ನುತ್ತಾರೆ.

ಇದು ಅಪರೂಪದ ಕಾಯಿಲೆಯೇನೂ ಅಲ್ಲ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಾಡಿದ, 2015ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ವರ್ಷದೊಳಗೆ ಮೈಗ್ರೇನ್ ಅನುಭವಿಸಿದವರು ಶೇ. 25ರಷ್ಟು ಸಿಕ್ಕಿದ್ದರು. ನಾಲ್ವರಲ್ಲಿ ಒಬ್ಬರು. ಆದ್ದರಿಂದ "ನಿಂದೊಂದು ನಾಟಕ" ಎಂದು ಮನೆಯಲ್ಲಿ ಯಾರಾದರೂ ಹೇಳಿದರೆ ದಯವಿಟ್ಟು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಕಷಾಯ, ಕ್ಯಾಪ್ಸೂಲು ಯಾವುದನ್ನೂ ನಂಬದೆ ನೇರ ಆಸ್ಪತ್ರೆಗೆ ಓಡಬೇಕಾದ ತಲೆನೋವು ಯಾವುದು?

ಕ್ಷಣದಲ್ಲಿ ತಾರಕಕ್ಕೇರಿ, ಜೀವಮಾನದಲ್ಲಿ ಇಂಥದ್ದು ಬಂದಿರಲಿಲ್ಲ ಅನ್ನಿಸುವ ನೋವು. ಜ್ವರದ ಜೊತೆ ಕುತ್ತಿಗೆ ಸೆಟೆದರೆ. ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ಕೈಕಾಲು ಸೋತರೆ, ಫಿಟ್ಸ್ ಬಂದರೆ. ತಲೆಗೆ ಪೆಟ್ಟು ಬಿದ್ದ ಮೇಲಿನ ನೋವು. ಗರ್ಭಿಣಿಗೆ ಅಥವಾ ಬಾಣಂತಿಗೆ ಹೊಸದಾಗಿ ಬಂದ ಜೋರು ತಲೆನೋವು. ಇವಕ್ಕೆಲ್ಲ ಬೆಳಗಿನವರೆಗೆ ಕಾಯಬಾರದು, ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು. 50 ದಾಟಿದ ಮೇಲೆ ಮೊದಲ ಬಾರಿಗೆ ಶುರುವಾದ ತಲೆನೋವನ್ನೂ, ಎಷ್ಟೇ ಸಣ್ಣದಿರಲಿ, ಮೊದಲು ವೈದ್ಯರಿಗೆ ತೋರಿಸಿ.

ಗಿಡಮೂಲಿಕೆ ಶುರುಮಾಡಿದರೆ ಇಂಗ್ಲಿಷ್ ಮಾತ್ರೆ ಬಿಡಬಹುದೇ?

ಬಿಡಬಾರದು. ಈ ಇಡೀ ಬರಹದಲ್ಲಿ ನಾನು ಒತ್ತಿ ಹೇಳುವ ಮಾತು ಇದೊಂದೇ. ಮೂಲಿಕೆಗೆ ಜಾಗ ಇದ್ದರೆ ಅದು ಮಾತ್ರೆಯ ಪಕ್ಕದಲ್ಲಿ, ಮಾತ್ರೆ ಬರೆದವರಿಗೆ ತಿಳಿದಿರುವ ಹಾಗೆ.

ಮೈಗ್ರೇನಿಗೆ ಎರಡು ಬಗೆಯ ಔಷಧಿ ಇವೆ. ನೋವು ಬಂದಾಗ ನುಂಗುವುದು ಒಂದು: ಪ್ಯಾರಾಸಿಟಮಾಲ್, ನ್ಯಾಪ್ರಾಕ್ಸೆನ್, ಸುಮಾಟ್ರಿಪ್ಟಾನ್, ರಿಝಾಟ್ರಿಪ್ಟಾನ್. ನೋವು ಬಾರದಂತೆ ದಿನಾಲೂ ನುಂಗುವುದು ಇನ್ನೊಂದು: ಪ್ರೊಪ್ರನಲಾಲ್, ಫ್ಲುನಾರಿಝಿನ್, ಅಮಿಟ್ರಿಪ್ಟಿಲಿನ್, ಟೋಪಿರಮೇಟ್ ಮುಂತಾದವು. ಎರಡನೆಯ ಬಗೆಯವು ಹಿಡಿತಕ್ಕೆ ಬರಲು ವಾರಗಳು ಬೇಕು. ಅಷ್ಟರಲ್ಲಿ ಬೇಸತ್ತು, ಯಾರೋ ಹೇಳಿದ ಚೂರ್ಣಕ್ಕೆ ತಿರುಗುವವರು ಬಹಳ ಮಂದಿ. ಪ್ರೊಪ್ರನಲಾಲನ್ನು ಒಮ್ಮೆಲೇ ನಿಲ್ಲಿಸಿದರೆ ಎದೆ ಬಡಿತ, ಬಿಪಿ ಏರಬಹುದು, ಹೃದಯದ ತೊಂದರೆ ಇದ್ದವರಿಗೆ ಅಪಾಯವೇ ಆಗಬಹುದು. ನಿಲ್ಲಿಸುವುದಿದ್ದರೆ ವೈದ್ಯರು ಮೆಲ್ಲಗೆ ಇಳಿಸುತ್ತಾರೆ. ಮಾತ್ರೆ ಒಗ್ಗಲಿಲ್ಲ ಎಂದು ಅವರಿಗೇ ಹೇಳಿ. ತೂಕ ಹೆಚ್ಚಿತು, ತೂಕಡಿಕೆ ಬರುತ್ತದೆ, ಕೈ ಜುಮ್ಮೆನ್ನುತ್ತದೆ ಎಂದು ಬಾಯಿಬಿಟ್ಟು ಹೇಳಿದರೆ ಬದಲಿ ಔಷಧಿಗಳು ಇದ್ದೇ ಇವೆ.

ಶುಂಠಿ ನಿಜವಾಗಿಯೂ ಕೆಲಸ ಮಾಡುತ್ತದೆಯೇ?

ನಮ್ಮ ಅಡುಗೆಮನೆಯ ವಸ್ತುಗಳಲ್ಲಿ ಮೈಗ್ರೇನಿಗೆ ಪರೀಕ್ಷೆಗೊಳಗಾದದ್ದು ಇದು. ಫಲಿತಾಂಶವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಅರ್ಧ ಮಾತ್ರ ಎಲ್ಲೆಡೆ ಹರಿದಾಡುತ್ತದೆ.

2014ರಲ್ಲಿ ಇರಾನಿನಿಂದ ಬಂದ ಅಧ್ಯಯನದಲ್ಲಿ ಔರಾ ಇಲ್ಲದ ಮೈಗ್ರೇನಿನ 100 ಜನರಿದ್ದರು. ನೋವು ಶುರುವಾದಾಗ ಕೆಲವರಿಗೆ 250 ಮಿ.ಗ್ರಾಂ ಶುಂಠಿ ಪುಡಿ, ಉಳಿದವರಿಗೆ 50 ಮಿ.ಗ್ರಾಂ ಸುಮಾಟ್ರಿಪ್ಟಾನ್. ಎರಡು ಗಂಟೆಯ ನಂತರ ಎರಡೂ ಗುಂಪಿನಲ್ಲಿ ನೋವು ಹತ್ತಿರ ಹತ್ತಿರ ಒಂದೇ ಮಟ್ಟಕ್ಕೆ ಇಳಿದಿತ್ತು. "ಶುಂಠಿ ಸುಮಾಟ್ರಿಪ್ಟಾನಿಗೆ ಸಮ" ಎಂಬ ಸಂದೇಶಗಳು ವಾಟ್ಸಾಪಿನಲ್ಲಿ ಬರುವುದು ಇದರಿಂದಲೇ. ಆದರೆ ಅಲ್ಲಿ ಔಷಧವಿಲ್ಲದ ಹುಸಿ ಕ್ಯಾಪ್ಸೂಲು ನುಂಗಿದ ಮೂರನೇ ಗುಂಪು ಇರಲಿಲ್ಲ. ತಾನಾಗಿ ಇಳಿಯುವ ನೋವು ಎಷ್ಟು, ಶುಂಠಿ ಇಳಿಸಿದ್ದು ಎಷ್ಟು ಎಂದು ಅದರಿಂದ ಬೇರ್ಪಡಿಸಲು ಆಗುವುದಿಲ್ಲ.

ನಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರವಾದದ್ದು ಬ್ರೆಜಿಲಿನ ಅಧ್ಯಯನ. ತುರ್ತು ವಿಭಾಗಕ್ಕೆ ಬಂದ 60 ಮೈಗ್ರೇನ್ ರೋಗಿಗಳಿಗೆಲ್ಲ ನೋವಿನ ಇಂಜೆಕ್ಷನ್ ಕೊಟ್ಟೇ ಕೊಟ್ಟರು. ಅದರ ಮೇಲೆ ಒಂದು ಗುಂಪಿಗೆ 400 ಮಿ.ಗ್ರಾಂ ಶುಂಠಿ ಸಾರದ ಕ್ಯಾಪ್ಸೂಲು, ಇನ್ನೊಂದಕ್ಕೆ ಹುಸಿ ಕ್ಯಾಪ್ಸೂಲು. ಶುಂಠಿ ಸೇರಿಸಿದವರಿಗೆ ನೋವು ಹೆಚ್ಚು ಇಳಿಯಿತು. ಸಣ್ಣ ಅಧ್ಯಯನವೇ, ಆದರೂ ಸರಿಯಾದ ಪ್ರಶ್ನೆ ಕೇಳಿದ ಅಧ್ಯಯನ. ಬ್ರೆಜಿಲಿನವರೇ ಮುಂದೆ ಇನ್ನೊಂದು ಪ್ರಯೋಗ ಮಾಡಿದರು: 107 ಜನ, ದಿನಕ್ಕೆ ಮೂರು ಸಲ 200 ಮಿ.ಗ್ರಾಂ, ಮೂರು ತಿಂಗಳು, ನೋವು ಬಾರದಂತೆ ತಡೆಯಲು. ಅದರಲ್ಲಿ ಶುಂಠಿಗೂ ಹುಸಿ ಕ್ಯಾಪ್ಸೂಲಿಗೂ ವ್ಯತ್ಯಾಸ ಕಾಣಲಿಲ್ಲ.

ಹಾಗಾಗಿ ನಾನು ಹೇಳುವುದು: ನೋವು ಏಳುವ ಸೂಚನೆ ಸಿಕ್ಕಿದೊಡನೆ ನಿಮ್ಮ ಮಾತ್ರೆ ನುಂಗಿ, ಜೊತೆಗೆ ಒಣಶುಂಠಿ ಪುಡಿಯನ್ನು ಬಿಸಿನೀರಿಗೆ ಹಾಕಿ ಕುಡಿಯಬಹುದು. 250 ಮಿ.ಗ್ರಾಂ ಎಂದರೆ ಕಾಲು ಚಮಚೆಗಿಂತಲೂ ಕಡಿಮೆ. ಮೈಗ್ರೇನ್ ಬಂದಾಗ ಹೊಟ್ಟೆಯ ಚಲನೆ ನಿಧಾನವಾಗುತ್ತದೆ, ವಾಕರಿಕೆ ಕಾಡುತ್ತದೆ. ವಾಕರಿಕೆಗೆ ಶುಂಠಿ ಹಿತ ಎಂಬುದು ಅಜ್ಜಿಯಂದಿರಿಗೂ ಗೊತ್ತು, ಅಧ್ಯಯನಗಳೂ ಅದನ್ನೇ ಹೇಳುತ್ತವೆ. ಆದರೆ ದಿನಾಲೂ ಲೋಟಗಟ್ಟಲೆ ಕುಡಿದು ತಡೆಯುತ್ತೇನೆ ಎಂದು ಹೊರಟರೆ ಎದೆಯುರಿ ಗಳಿಸಿದಂತಾಗುತ್ತದೆ ಅಷ್ಟೇ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮತ್ತು ಪಿತ್ತಕೋಶದಲ್ಲಿ ಕಲ್ಲಿರುವವರು ಕ್ಯಾಪ್ಸೂಲಿನ ಪ್ರಮಾಣಕ್ಕೆ ಹೋಗುವ ಮೊದಲು ವೈದ್ಯರನ್ನು ಕೇಳಬೇಕು. ಸಾರಿಗೆ, ಚಹಾಕ್ಕೆ ಹಾಕುವ ಶುಂಠಿಯ ಬಗ್ಗೆ ಚಿಂತೆ ಬೇಡ.

ಆನ್‌ಲೈನಿನಲ್ಲಿ ಫೀವರ್‌ಫ್ಯೂ ಎಂಬ ಕ್ಯಾಪ್ಸೂಲು ಸಿಗುತ್ತದೆ. ಅದು ಏನು?

ಯುರೋಪಿನಲ್ಲಿ ತಲೆನೋವಿಗೆ ಹಿಂದಿನಿಂದ ಬಳಸಿದ ಗಿಡ. ನಮ್ಮ ಸೇವಂತಿಗೆಯ ಕುಟುಂಬದ್ದು, ಹೂವೂ ಪುಟ್ಟ ಬಿಳಿ ಸೇವಂತಿಗೆಯಂತೆಯೇ ಕಾಣುತ್ತದೆ. ಅಮೆರಿಕದ ನರರೋಗ ತಜ್ಞರ ಅಕಾಡೆಮಿ 2012ರ ಮಾರ್ಗಸೂಚಿಯಲ್ಲಿ ಇದರ ಒಂದು ನಿರ್ದಿಷ್ಟ ಸಾರವನ್ನು "ಬಹುಶಃ ಪರಿಣಾಮಕಾರಿ" ಎಂಬ ದರ್ಜೆಯಲ್ಲಿ ಇಟ್ಟಿತ್ತು. ಆ ಸಾರದ ಪ್ರಮಾಣ 6.25 ಮಿ.ಗ್ರಾಂ, ದಿನಕ್ಕೆ ಮೂರು ಸಲ.

ಲಾಭ ಎಷ್ಟು? 218 ಜನರ ಪ್ರಯೋಗದಲ್ಲಿ ತಿಂಗಳಿಗೆ ಸರಾಸರಿ 4.8 ಸಲ ಬರುತ್ತಿದ್ದ ನೋವು ಈ ಸಾರ ತೆಗೆದುಕೊಂಡವರಲ್ಲಿ 1.9 ಸಲ ಕಡಿಮೆಯಾಯಿತು. ಹುಸಿ ಮಾತ್ರೆಯವರಲ್ಲಿ 1.3 ಸಲ ಕಡಿಮೆಯಾಯಿತು. ಅಂದರೆ ಗಿಡದ ಪಾಲು ತಿಂಗಳಿಗೆ 0.6. ಎರಡು ತಿಂಗಳಿಗೆ ಒಂದು ಸಲ ತಪ್ಪಿದಂತೆ. ಅಷ್ಟಾದರೂ ಆಗಲಿ ಎನ್ನುವವರ ಮಾತು ನನಗೆ ಅರ್ಥವಾಗುತ್ತದೆ, ಆ ಒಂದು ದಿನ ಮಗುವಿನ ಶಾಲೆಯ ದಿನವಾಗಿರಬಹುದು, ಡ್ಯೂಟಿಯ ದಿನವಾಗಿರಬಹುದು. ಆದರೆ ಡಬ್ಬಿಯ ಮೇಲೆ ಬರೆದಂತೆ "ಮೈಗ್ರೇನ್ ಮಾಯ" ಆಗುವುದಿಲ್ಲ. ಒಣಗಿಸಿದ ಎಲೆಯ ಪುಡಿ ತುಂಬಿದ ಕ್ಯಾಪ್ಸೂಲುಗಳು ಪರೀಕ್ಷೆಗೊಳಗಾದ ಆ ಸಾರಕ್ಕೆ ಸಮವೂ ಅಲ್ಲ.

ಬಾಯಿಹುಣ್ಣು ಬರಬಹುದು. ಸೇವಂತಿಗೆ ಜಾತಿಯ ಹೂವು ಮುಟ್ಟಿದರೆ ತುರಿಕೆ ಏಳುವವರಿಗೆ ಬೇಡ. ಗರ್ಭಿಣಿಯರಿಗೆ ಬೇಡವೇ ಬೇಡ. ಬಹುಕಾಲ ತೆಗೆದುಕೊಂಡು ಒಮ್ಮೆಲೇ ಬಿಟ್ಟರೆ ತಲೆನೋವು, ಕೀಲುನೋವು, ನಿದ್ರೆಗೇಡು ಮರುಕಳಿಸಬಹುದು, ಆದ್ದರಿಂದ ಇಳಿಸುತ್ತಾ ಬಿಡಬೇಕು.

ಬಟರ್‌ಬರ್?

ಬೇಡ. ಒಂದು ಕಾಲಕ್ಕೆ ಗಿಡಮೂಲಿಕೆಗಳಲ್ಲೇ ಹೆಚ್ಚು ಪುರಾವೆ ಇದ್ದದ್ದು ಇದಕ್ಕೆ. 2012ರ ಅದೇ ಮಾರ್ಗಸೂಚಿ ಇದಕ್ಕೆ ಮೊದಲ ದರ್ಜೆ ಕೊಟ್ಟಿತ್ತು. ಯಕೃತ್ತಿಗೆ ಹಾನಿಯಾದ ವರದಿಗಳು ಬಂದವು, ಗಿಡದಲ್ಲಿ ಸಹಜವಾಗಿಯೇ ಯಕೃತ್ತಿಗೆ ವಿಷವಾದ ಆಲ್ಕಲಾಯ್ಡುಗಳಿವೆ, 2015ರಲ್ಲಿ ಅಕಾಡೆಮಿ ಆ ಮಾರ್ಗಸೂಚಿಯನ್ನು ಹಿಂತೆಗೆದುಕೊಂಡಿತು. ಹಳೆಯ ಬರಹ, ವಿಡಿಯೋಗಳಲ್ಲಿ ಇನ್ನೂ ಹೊಗಳಿಕೆ ಉಳಿದಿದೆ. ವಿದೇಶದಿಂದ ಬಂದ ನೆಂಟರು ತಂದುಕೊಟ್ಟರೂ ಬಳಸಬೇಡಿ.

ಮೆಗ್ನೀಸಿಯಮ್, ಬಿ2, ಕೋಎಂಝೈಮ್ ಕ್ಯೂ10 ಇವೂ ಗಿಡಮೂಲಿಕೆಗಳೇ?

ಅಲ್ಲ, ಆದರೆ "ಹರ್ಬಲ್" ಎಂದು ಬರೆದ ಡಬ್ಬಿಗಳಲ್ಲಿ ಇವೂ ಸೇರಿರುತ್ತವೆ. ನನ್ನನ್ನು ಕೇಳಿದರೆ, ಮಾತ್ರೆಯ ಜೊತೆಗೆ ಏನಾದರೂ ಸೇರಿಸಲೇಬೇಕು ಎನ್ನುವವರು ವೈದ್ಯರ ಬಳಿ ಮೊದಲು ಪ್ರಸ್ತಾಪಿಸಬೇಕಾದದ್ದು ಇವುಗಳನ್ನೇ. ಬಿ2 ಅಥವಾ ರೈಬೋಫ್ಲೇವಿನ್ ಬಗ್ಗೆ 1998ರಲ್ಲಿ 55 ಜನರ ಅಧ್ಯಯನ ಬಂತು. ದಿನಕ್ಕೆ 400 ಮಿ.ಗ್ರಾಂ ತೆಗೆದುಕೊಂಡವರಲ್ಲಿ ಶೇ. 59 ಮಂದಿಗೆ ನೋವಿನ ದಿನಗಳು ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಇಳಿದವು, ಹುಸಿ ಮಾತ್ರೆಯಲ್ಲಿ ಶೇ. 15 ಮಂದಿಗೆ. ಮೂರು ತಿಂಗಳು ತೆಗೆದುಕೊಳ್ಳಬೇಕಾಯಿತು. ನಾವು ಮಾರುವ ಸಾಮಾನ್ಯ ಬಿ ಕಾಂಪ್ಲೆಕ್ಸಿನಲ್ಲಿ ಬಿ2 ಇರುವುದು 10 ಮಿ.ಗ್ರಾಂ ಆಸುಪಾಸು, ಅದರಿಂದ ಈ ಪ್ರಮಾಣ ಮುಟ್ಟುವುದಿಲ್ಲ.

ಮೆಗ್ನೀಸಿಯಮ್ ದಿನಕ್ಕೆ 400ರಿಂದ 600 ಮಿ.ಗ್ರಾಂ ಪ್ರಮಾಣದಲ್ಲಿ ಬಳಕೆಯಲ್ಲಿದೆ. ಹೊಟ್ಟೆ ಸಡಿಲವಾಗುವುದು ಸಾಮಾನ್ಯ. ಕಿಡ್ನಿ ತೊಂದರೆ ಇದ್ದವರು ವೈದ್ಯರು ಹೇಳದೆ ಮುಟ್ಟಬಾರದು. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಡುವೆ ನಾಲ್ಕು ಗಂಟೆ ಬಿಡಿ. ಕ್ಯೂ10 ದಿನಕ್ಕೆ ಮೂರು ಸಲ 100 ಮಿ.ಗ್ರಾಂ. ಪುರಾವೆ ಕಡಿಮೆ, ಬೆಲೆ ಹೆಚ್ಚು.

ಪಥ್ಯಾದಿ ಕಷಾಯ, ಗೋದಂತಿ ಭಸ್ಮ ಕೊಟ್ಟಿದ್ದಾರೆ. ಆಯುರ್ವೇದದ್ದಾದರೆ ತೊಂದರೆ ಇಲ್ಲ ತಾನೇ?

ಈ ಪ್ರಶ್ನೆ ಕೇಳುವವರ ಮುಖದಲ್ಲಿ ಒಂದು ನಂಬಿಕೆ ಇರುತ್ತದೆ. ಆ ನಂಬಿಕೆಗೆ ಗೌರವ ಕೊಟ್ಟೇ ಮಾತಾಡುತ್ತೇನೆ, ನನ್ನ ಮನೆಯಲ್ಲೂ ಕಷಾಯದ ಪಾತ್ರೆ ಒಲೆ ಮೇಲಿಂದ ಇಳಿದದ್ದಿಲ್ಲ.

ಆಯುರ್ವೇದ ಅರ್ಧಾವಭೇದಕ ಎಂದು ಹೇಳುವ ತಲೆನೋವು ಮೈಗ್ರೇನನ್ನು ಬಹಳ ಹೋಲುತ್ತದೆ. ಅದಕ್ಕೆ ವೈದ್ಯರು ಹೆಚ್ಚಾಗಿ ಕೊಡುವ ಪಥ್ಯಾದಿ ಕಷಾಯದಲ್ಲಿ ಅಳಲೆಕಾಯಿ, ತಾರೆಕಾಯಿ, ನೆಲ್ಲಿಕಾಯಿ, ನೆಲಬೇವು, ಅರಿಶಿನ, ಬೇವು, ಅಮೃತಬಳ್ಳಿ ಇರುತ್ತವೆ. ಮೊದಲ ಮೂರು ಸೇರಿದರೆ ತ್ರಿಫಲವಾದ್ದರಿಂದ ಹೊಟ್ಟೆ ಸಡಿಲವಾಗಬಹುದು. ಬೇವು, ನೆಲಬೇವು ಸಕ್ಕರೆ ಇಳಿಸಬಹುದಾದ್ದರಿಂದ ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರು ಸಕ್ಕರೆ ನೋಡಿಕೊಳ್ಳುತ್ತಿರಬೇಕು. ಗಮನ ಹೆಚ್ಚು ಬೇಕಾದದ್ದು ಅಮೃತಬಳ್ಳಿಗೆ. 2020ರ ಕೊನೆಯ ತಿಂಗಳುಗಳಲ್ಲಿ, ಕೊರೊನಾ ಭಯದಲ್ಲಿ ಎಲ್ಲರೂ ಅಮೃತಬಳ್ಳಿ ಕುದಿಸಿ ಕುಡಿಯುತ್ತಿದ್ದಾಗ, ಅದನ್ನು ಸೇವಿಸಿ ಯಕೃತ್ತಿಗೆ ಹಾನಿಯಾದ ಆರು ರೋಗಿಗಳನ್ನು ಇದೇ ಮುಂಬಯಿಯ ವೈದ್ಯರು ಕಂಡು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಅದೇ ಜಾತಿಯ ಬೇರೆ ಬಳ್ಳಿ ಬೆರೆತಿರಬಹುದು ಎಂದಿತು. ಕುಡಿಯುವವರ ದೃಷ್ಟಿಯಿಂದ ಎರಡೂ ಎಚ್ಚರಿಕೆಯ ಮಾತೇ. ಯಕೃತ್ತಿನ ತೊಂದರೆ ಇದ್ದವರು, ದೇಹದ ರಕ್ಷಣಾ ಶಕ್ತಿ ತನ್ನ ಮೇಲೇ ತಿರುಗಿಬೀಳುವ ಸ್ವಪ್ರತಿರೋಧಕ ಕಾಯಿಲೆ (ಕೆಲವು ಬಗೆಯ ಥೈರಾಯ್ಡ್ ತೊಂದರೆ ಇಂಥದ್ದು) ಇದ್ದವರು, ಮೈಗ್ರೇನಿಗೆ ವ್ಯಾಲ್ಪ್ರೊಯೇಟ್ ತೆಗೆದುಕೊಳ್ಳುವವರು (ಅದೂ ಯಕೃತ್ತಿನ ಮೇಲೆ ಭಾರ ಹಾಕುವ ಔಷಧಿಯೇ) ಇದನ್ನು ತಾವಾಗಿ ಶುರುಮಾಡಬಾರದು.

ಗೋದಂತಿ ಎಂದರೆ ಜಿಪ್ಸಮ್, ಕ್ಯಾಲ್ಸಿಯಂ ಇರುವ ಖನಿಜ. ಥೈರಾಯ್ಡ್ ಮಾತ್ರೆಯಿಂದ ದೂರ ಇಡಿ. ನನಗೆ ಹೆಚ್ಚು ಆತಂಕ ಇರುವುದು ಪಾದರಸ ಸೇರಿಸಿ ಮಾಡುವ ರಸೌಷಧಿಗಳ ಬಗ್ಗೆ. ತಲೆನೋವಿಗೆ ಕೊಡುವ ಶಿರಃಶೂಲಾದಿ ವಜ್ರರಸ, ಆಮ್ಲಪಿತ್ತಕ್ಕೂ ತಲೆನೋವಿಗೂ ಕೊಡುವ ಸೂತಶೇಖರ ರಸ ಈ ಗುಂಪಿನವು. 2008ರಲ್ಲಿ ಅಮೆರಿಕದ ಸಂಶೋಧಕರು ಅಂತರ್ಜಾಲದಲ್ಲಿ ಮಾರಾಟವಾಗುತ್ತಿದ್ದ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ರಸೌಷಧಿಗಳಲ್ಲಿ ಆ ಪ್ರಮಾಣ ಶೇ. 40ರಷ್ಟು, ಉಳಿದವುಗಳಲ್ಲಿ ಶೇ. 17. ಇವನ್ನು ಅಕ್ಕಪಕ್ಕದವರ ಮಾತು ಕೇಳಿ ತಿಂಗಳುಗಟ್ಟಲೆ ನುಂಗುವುದು ಬೇಡ. ಓದಿ ನೋಂದಾಯಿಸಿಕೊಂಡ ಆಯುರ್ವೇದ ವೈದ್ಯರು ಬರೆದುಕೊಟ್ಟಿದ್ದರೆ ಎಷ್ಟು ದಿನ ಎಂದು ಕೇಳಿ, ಅಷ್ಟಕ್ಕೇ ನಿಲ್ಲಿಸಿ. ಗರ್ಭಿಣಿಯರಿಗೆ, ಮಕ್ಕಳಿಗೆ ಬೇಡ.

ಗುಣ ಕಂಡವರು ಇದ್ದಾರಲ್ಲ ಎಂದರೆ, ಹೌದು. 2010ರಲ್ಲಿ ಪ್ರಕಟವಾದ ಒಂದು ವರದಿಯಲ್ಲಿ ಐದು ಆಯುರ್ವೇದ ಔಷಧಿಗಳ ಚಿಕಿತ್ಸೆಯನ್ನು 406 ಮೈಗ್ರೇನ್ ರೋಗಿಗಳಿಗೆ ಸೂಚಿಸಲಾಗಿತ್ತು. 90 ದಿನ ಪೂರ್ತಿ ಮಾಡಿದವರು 204. ಅವರಲ್ಲಿ 72 ಮಂದಿಗೆ ನೋವು ಪೂರ್ತಿ ನಿಂತಿತ್ತು. ಆದರೆ ಔಷಧಿಯ ಜೊತೆಗೆ ದಿನಕ್ಕೆ ಮೂರು ಹೊತ್ತು ಸರಿಯಾದ ಊಟ ಮತ್ತು ರಾತ್ರಿ 8 ಗಂಟೆ ನಿದ್ರೆಯೂ ಚಿಕಿತ್ಸೆಯ ಭಾಗವಾಗಿತ್ತು, ಹೋಲಿಸಲು ಬೇರೆ ಗುಂಪು ಇರಲಿಲ್ಲ. ನೋವು ನಿಲ್ಲಿಸಿದ್ದು ಔಷಧಿಯೋ, ಊಟ ನಿದ್ರೆಯೋ? ಊಟ ನಿದ್ರೆಯನ್ನಂತೂ ನಾವು ಯಾರ ಅಪ್ಪಣೆಯೂ ಇಲ್ಲದೆ ಇವತ್ತೇ ಶುರುಮಾಡಬಹುದು.

ಊಟ, ನಿದ್ರೆ ಎಂದು ಹೇಳುವುದು ಸುಲಭ. ಮುಂಬಯಿಯಲ್ಲಿ ಹೇಗೆ?

ಗೊತ್ತು. 5.40ರ ಲೋಕಲ್ ಹಿಡಿಯಬೇಕಾದವರಿಗೆ, ರಾತ್ರಿ ಒಂದು ಗಂಟೆಗೆ ಹೋಟೆಲಿನ ಶಟರ್ ಎಳೆಯುವವರಿಗೆ, ನೈಟ್ ಡ್ಯೂಟಿಯ ನರ್ಸುಗಳಿಗೆ ಎಂಟು ಗಂಟೆ ನಿದ್ರೆ ಎಂದರೆ ಕನಸು. ಆದರೂ ಮೈಗ್ರೇನಿನ ಮಿದುಳಿಗೆ ಬೇಕಾದದ್ದು ಹೆಚ್ಚು ನಿದ್ರೆಗಿಂತ ಏರುಪೇರಿಲ್ಲದ ನಿದ್ರೆ. ರಜೆಯ ದಿನ ಹನ್ನೊಂದರವರೆಗೆ ಮಲಗಿ ಎದ್ದಾಗ ತಲೆ ಸಿಡಿಯುವುದು ಇದರಿಂದಲೇ. ಚೀಲದಲ್ಲಿ ಕಡಲೆ, ಬಾಳೆಹಣ್ಣು, ನೀರು ಇರಲಿ. ಹಸಿದ ಹೊಟ್ಟೆಯಲ್ಲಿ ಹತ್ತು ಸಲ ಕಟಿಂಗ್ ಚಹಾ ಕುಡಿದು, ಭಾನುವಾರ ಒಮ್ಮೆಲೇ ಚಹಾ ಇಲ್ಲದೆ ಇರುವುದೂ ನೋವು ಎಬ್ಬಿಸುತ್ತದೆ.

ಸಂಕಷ್ಟಿ, ಏಕಾದಶಿ, ನವರಾತ್ರಿ, ರಂಜಾನ್, ಯಾವ ಉಪವಾಸವೇ ಇರಲಿ, ಆ ದಿನ ನೋವು ಬರುತ್ತದೆ ಎಂದು ಹಲವರು ಹೇಳುತ್ತಾರೆ. ನೀರೂ ಬಿಡುವ ಉಪವಾಸ ಇನ್ನೂ ಕಷ್ಟ. ವ್ರತ ಬಿಡಿ ಎಂದು ನಾನು ಹೇಳಲಾರೆ, ಹಣ್ಣು ಹಾಲು ತೆಗೆದುಕೊಂಡು ಮಾಡುವ ಬಗೆ ಇದ್ದೇ ಇದೆ. ಗಣಪತಿಯ ಹತ್ತು ದಿನ ಬೀದಿಯ ಸ್ಪೀಕರು, ಮಿನುಗು ದೀಪ, ಮನೆಯೊಳಗೆ ಧೂಪ ಅಗರಬತ್ತಿ ಎಲ್ಲವೂ ಸೇರುತ್ತವೆ. ಆ ವಾರಕ್ಕೆ ಮೊದಲೇ ನಿಮ್ಮ ತುರ್ತು ಮಾತ್ರೆ ಮನೆಯಲ್ಲಿ ಇದೆಯೇ ನೋಡಿಕೊಳ್ಳಿ.

ನಾನು ದಿನಾ ಮಾತ್ರೆ ನುಂಗುತ್ತಿದ್ದೇನೆ. ಅದರ ಜೊತೆ ಯಾವ ಮೂಲಿಕೆ ಕೂಡದು?

ಪ್ರೊಪ್ರನಲಾಲ್ ತೆಗೆದುಕೊಳ್ಳುವವರು ಕರಿಮೆಣಸಿನ ಸಾರ ಸೇರಿಸಿದ ಅರಿಶಿನದ ಕ್ಯಾಪ್ಸೂಲುಗಳ ಬಗ್ಗೆ ಜಾಗ್ರತೆ. ಮೆಣಸಿನ ಪೈಪರಿನ್ ಅಂಶ ಅರಿಶಿನದ ಕರ್ಕ್ಯುಮಿನ್ ಮೈಗೆ ಸೇರುವುದನ್ನು 20 ಪಟ್ಟು ಹೆಚ್ಚಿಸುತ್ತದೆ ಎಂದು 1998ರಲ್ಲಿ ತೋರಿಸಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೇ. ಕಂಪನಿಗಳು ಅದನ್ನು ಜಾಹೀರಾತಿನಲ್ಲಿ ಹೆಮ್ಮೆಯಿಂದ ಹಾಕಿಕೊಳ್ಳುತ್ತವೆ. ಅದೇ ಪೈಪರಿನ್ ಪ್ರೊಪ್ರನಲಾಲಿನ ಮಟ್ಟವನ್ನೂ ರಕ್ತದಲ್ಲಿ ಏರಿಸುತ್ತದೆ ಎಂಬುದನ್ನು ಯಾರೂ ಬರೆಯುವುದಿಲ್ಲ. ನಾಡಿ ನಿಧಾನವಾಗಿ, ಎದ್ದು ನಿಂತರೆ ತಲೆ ಸುತ್ತಬಹುದು. ಮೆಣಸಿನ ಸಾರು ಉಣ್ಣಲು ಅಡ್ಡಿಯಿಲ್ಲ.

ಅಮಿಟ್ರಿಪ್ಟಿಲಿನ್, ಫ್ಲುನಾರಿಝಿನ್ ಜೊತೆ ಅಶ್ವಗಂಧ, ಜಟಾಮಾಂಸಿ ಸೇರಿದರೆ ತೂಕಡಿಕೆ ಹೆಚ್ಚುತ್ತದೆ. ಗಾಡಿ ಓಡಿಸುವವರಿಗೆ ಇದು ಸಣ್ಣ ಮಾತಲ್ಲ. ಅಶ್ವಗಂಧ ಥೈರಾಯ್ಡ್ ಮಟ್ಟವನ್ನೂ ಏರಿಸಬಹುದು, ಯಕೃತ್ತಿಗೆ ಹಾನಿಯಾದ ವರದಿಗಳೂ ಇವೆ. ಜ್ಯೇಷ್ಠಮಧು ದಿನಾಲೂ ಸೇವಿಸಿದರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಬಿಪಿ ಮಾತ್ರೆಯನ್ನೇ ಮೈಗ್ರೇನಿಗೂ ತೆಗೆದುಕೊಳ್ಳುವವರಿಗೆ ಅದು ಎದುರಾಳಿ. ಗಿಂಕ್ಗೊ ಎಂಬ ವಿದೇಶಿ ಮೂಲಿಕೆ ರಕ್ತಸ್ರಾವದ ಸಾಧ್ಯತೆ ಹೆಚ್ಚಿಸುತ್ತದೆ. ಸೇಂಟ್ ಜಾನ್ಸ್ ವರ್ಟ್ ಎಂಬ ವಿದೇಶಿ ಮೂಲಿಕೆಯನ್ನು ಟ್ರಿಪ್ಟಾನ್ (ಸುಮಾಟ್ರಿಪ್ಟಾನ್, ರಿಝಾಟ್ರಿಪ್ಟಾನ್ ಗುಂಪಿನವು) ಅಥವಾ ಖಿನ್ನತೆಯ ಮಾತ್ರೆಗಳ ಜೊತೆ ಎಂದೂ ಸೇರಿಸಬೇಡಿ. ಅದು ಗರ್ಭನಿರೋಧಕ ಗುಳಿಗೆಯ ಬಲವನ್ನೂ ಕುಗ್ಗಿಸುತ್ತದೆ.

ಆಪರೇಷನ್ ಇದ್ದರೆ ಎರಡು ವಾರ ಮೊದಲೇ ಎಲ್ಲ ಮೂಲಿಕೆ ಕ್ಯಾಪ್ಸೂಲು ನಿಲ್ಲಿಸುವುದು ವಾಡಿಕೆ. ಅರಿವಳಿಕೆ ಕೊಡುವ ವೈದ್ಯರಿಗೆ ಪಟ್ಟಿ ತೋರಿಸಿ.

ಇದನ್ನೆಲ್ಲ ಡಾಕ್ಟರಿಗೆ ಹೇಳಿದರೆ ಬೈಯುವುದಿಲ್ಲವೇ?

ಬೈದರೂ ಹೇಳಿ. ನರರೋಗ ತಜ್ಞರಿಗೆ ಕಷಾಯದ ಸುದ್ದಿ ಗೊತ್ತಿಲ್ಲ, ಆಯುರ್ವೇದ ವೈದ್ಯರಿಗೆ ಟೋಪಿರಮೇಟಿನ ಸುದ್ದಿ ಗೊತ್ತಿಲ್ಲ, ನಡುವೆ ನಿಮ್ಮ ಯಕೃತ್ತು ಎರಡನ್ನೂ ಸಂಭಾಳಿಸಬೇಕು. ಮಾತಿನಲ್ಲಿ ಹೇಳಲು ಸಂಕೋಚವಾದರೆ ಡಬ್ಬಿಗಳ ಫೋಟೋ ತೆಗೆದು ಮೊಬೈಲಿನಲ್ಲಿ ತೋರಿಸಿ. ಎರಡೂ ಪದ್ಧತಿಯನ್ನು ಗಂಭೀರವಾಗಿ ನೋಡುವ ಜಾಗಗಳು ಈ ಊರಿನಲ್ಲಿವೆ. ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ನರರೋಗ ವಿಭಾಗವೂ ಇದೆ, ಆಯುರ್ವೇದ ಸಂಶೋಧನಾ ಕೇಂದ್ರವೂ ಇದೆ. ವರ್ಲಿಯಲ್ಲಿ ಪೋದ್ದಾರ್ ಆಯುರ್ವೇದ ಕಾಲೇಜು ಆಸ್ಪತ್ರೆ ಇದೆ.

ನೋವಿನ ಮಾತ್ರೆ ವಾರಕ್ಕೆ ನಾಲ್ಕೈದು ಸಲ ಬೇಕಾಗುತ್ತದೆ. ಕಷಾಯದಿಂದ ಅದು ಕಡಿಮೆಯಾಗಬಹುದೇ?

ಆ ಮಾತ್ರೆಯೇ ಈಗ ನೋವು ಎಬ್ಬಿಸುತ್ತಿರಬಹುದು. ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥವನ್ನು ತಿಂಗಳಿಗೆ 15 ಅಥವಾ ಹೆಚ್ಚು ದಿನ, ಟ್ರಿಪ್ಟಾನ್, ಎರ್ಗಟಮಿನ್ ಅಥವಾ ಹಲವು ಔಷಧಿ ಬೆರೆತ ತಲೆನೋವಿನ ಮಾತ್ರೆಗಳನ್ನು 10 ಅಥವಾ ಹೆಚ್ಚು ದಿನ, ಮೂರು ತಿಂಗಳಿಗೂ ಮೀರಿ ನುಂಗಿದರೆ ಹೀಗಾಗುತ್ತದೆ. ಚೀಟಿ ಇಲ್ಲದೆ ಸ್ಟ್ರಿಪ್ ಕೇಳುವವರಲ್ಲಿ ನಾನು ಇದನ್ನು ಮತ್ತೆ ಮತ್ತೆ ನೋಡುತ್ತೇನೆ, ಸಂಕಟವಾಗುತ್ತದೆ. ಯಾವ ಕಷಾಯವೂ ಇದನ್ನು ಬಿಡಿಸುವುದಿಲ್ಲ. ತಡೆಯುವ ಔಷಧಿ ಶುರುಮಾಡಿ, ನೋವಿನ ಮಾತ್ರೆ ಇಳಿಸುವ ಯೋಜನೆಯನ್ನು ವೈದ್ಯರೇ ಮಾಡಿಕೊಡಬೇಕು.

ಬಾಮ್, ನಸ್ಯ (ಮೂಗಿಗೆ ಎಣ್ಣೆ ಹಾಕುವುದು)?

ಹಣೆಗೆ ಬಾಮ್ ಹಚ್ಚಿಕೊಂಡರೆ ಹಿತವೆನಿಸಿದರೆ ಹಚ್ಚಿಕೊಳ್ಳಿ. ಅಮೃತಾಂಜನ ಹುಟ್ಟಿದ್ದೇ ಈ ಊರಿನಲ್ಲಿ, 1893ರಲ್ಲಿ. ಕೆಲವರಿಗೆ ಮಾತ್ರ ಆ ವಾಸನೆಯೇ ನೋವು ಹೆಚ್ಚಿಸುತ್ತದೆ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಬಾಮನ್ನು ಮೈಗೆಲ್ಲ ತಿಕ್ಕಿಕೊಳ್ಳಬಾರದು, ಕೂಸುಗಳ ಮೂಗಿಗೆ ಹಚ್ಚಲೇಬಾರದು. ನಸ್ಯವನ್ನು ವೈದ್ಯರ ಹತ್ತಿರವೇ ಮಾಡಿಸಿಕೊಳ್ಳಿ. ಮಲಗಿಕೊಂಡು ತಾವಾಗಿ ದಿನಾ ಎಣ್ಣೆ ಹಾಕಿಕೊಳ್ಳುತ್ತಾ ಹೋದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು.

ಗರ್ಭಿಣಿ, ಹಾಲೂಡಿಸುವ ತಾಯಿ, ಮಕ್ಕಳು?

ಅಡುಗೆಯಲ್ಲಿ ಬಳಸುವ ಪ್ರಮಾಣದ ಶುಂಠಿ ಬಿಟ್ಟರೆ ಬೇರೆ ಯಾವ ಮೂಲಿಕೆಯನ್ನೂ ತಾವಾಗಿ ತೆಗೆದುಕೊಳ್ಳಬಾರದು. ಮಗು ಬೇಕೆಂದುಕೊಂಡಿರುವವರು ವ್ಯಾಲ್ಪ್ರೊಯೇಟ್, ಟೋಪಿರಮೇಟ್ ತೆಗೆದುಕೊಳ್ಳುತ್ತಿದ್ದರೆ ಗರ್ಭ ನಿಲ್ಲುವ ಮೊದಲೇ ವೈದ್ಯರೊಂದಿಗೆ ಮಾತಾಡಿ. ಔರಾ ಬರುವ ಹೆಣ್ಣುಮಕ್ಕಳು ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಗುಳಿಗೆಯ ಬಗ್ಗೆ ವೈದ್ಯರನ್ನು ಕೇಳಲೇಬೇಕು, ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ.

ಕೊಳ್ಳುವಾಗ ಏನು ನೋಡಬೇಕು?

ಆಯುರ್ವೇದ ಔಷಧಿಯಾದರೆ ತಯಾರಿಕಾ ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ಪ್ರತಿ ಘಟಕದ ಹೆಸರು ಮತ್ತು ಪ್ರಮಾಣ ಇರಬೇಕು. ಫುಡ್ ಸಪ್ಲಿಮೆಂಟ್ ಆದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಇರಬೇಕು. ಅಂಥ ಡಬ್ಬಿ ಕಾನೂನಿನ ಪ್ರಕಾರ ಆಹಾರ, ಔಷಧಿ ಅಲ್ಲ. ಮೈಗ್ರೇನ್ ಗುಣವಾಗುತ್ತದೆ ಎಂದು ಅದರ ಮೇಲೆ ಬರೆದಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಲೇಬಲ್ ಇಲ್ಲದೆ ಬಿಡಿಯಾಗಿ ಮಾರುವ ಪುಡಿ ಬೇಡ. ದಾದರಿನ, ಕಾಲಬಾದೇವಿಯ ಗ್ರಂಧಿಗೆ ಅಂಗಡಿಗಳಿಂದ ತರುವುದಾದರೆ ಗುರುತು ಸಿಗುವ ಇಡಿಯ ಬೇರು, ಕಾಯಿ ತಂದು ಮನೆಯಲ್ಲೇ ಪುಡಿ ಮಾಡಿ. ಒಂದೇ ದಿನದಲ್ಲಿ ನೋವು ಹಾರಿಸುವ "ಗಿಡಮೂಲಿಕೆ ಗುಳಿಗೆ"ಯಲ್ಲಿ ಸ್ಟಿರಾಯ್ಡ್ ಅಥವಾ ನೋವಿನ ಮಾತ್ರೆ ಬೆರೆಸಿರಬಹುದೆಂದು ಶಂಕಿಸುವುದೇ ಕ್ಷೇಮ.

ಕೆಲಸ ಮಾಡುತ್ತಿದೆ ಎಂದು ಹೇಗೆ ಗೊತ್ತಾಗುತ್ತದೆ?

ಬರೆದಿಟ್ಟರೆ ಮಾತ್ರ. ಮೈಗ್ರೇನ್ ತಾನಾಗಿಯೇ ಏರುತ್ತದೆ, ಇಳಿಯುತ್ತದೆ. ನಾವು ಹೊಸ ಔಷಧಿ ಹುಡುಕುವುದು ನೋವು ಮೇರೆ ಮೀರಿದಾಗ, ಅದರ ಮುಂದಿನ ತಿಂಗಳು ಹೇಗೂ ಸ್ವಲ್ಪ ಇಳಿಯುತ್ತದೆ. ಹುಸಿ ಮಾತ್ರೆಯವರಿಗೂ 1.3 ಸಲ ಕಡಿಮೆಯಾಯಿತು ಎಂದು ಮೇಲೆ ಹೇಳಿದೆನಲ್ಲ, ಅದರಲ್ಲಿ ಇದೂ ಸೇರಿದೆ. ಶುರುಮಾಡುವ ಮೊದಲು ಒಂದು ತಿಂಗಳು, ಶುರುಮಾಡಿದ ಮೇಲೆ ಮೂರು ತಿಂಗಳು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ: ನೋವಿನ ದಿನ, ಎಷ್ಟು ಜೋರು, ಎಷ್ಟು ಮಾತ್ರೆ, ಮುಟ್ಟಿನ ದಿನ. ಒಂದು ಸಲಕ್ಕೆ ಒಂದೇ ಹೊಸದು. ಮೂರು ಡಬ್ಬಿ ಒಟ್ಟಿಗೆ ತೆರೆದರೆ ಗುಣ ಬಂದದ್ದು ಯಾವುದರಿಂದ, ತುರಿಕೆ ಬಂದದ್ದು ಯಾವುದರಿಂದ ಎಂದು ಹೇಳಲಾಗದು. ಮೂರು ತಿಂಗಳಿಗೆ ನೋವಿನ ದಿನಗಳು ಇಳಿಯದಿದ್ದರೆ ನಿಲ್ಲಿಸಿ, ಆ ದುಡ್ಡು ಉಳಿಯಲಿ.

ಮೂತ್ರ ಹಳದಿಯಾಗುತ್ತಿದೆ. ನಿಲ್ಲಿಸಬೇಕೇ?

ಬಿ2 ತೆಗೆದುಕೊಂಡವರಿಗೆ ಮೂತ್ರ ಹೊಳೆಯುವ ಹಳದಿ ಆಗುತ್ತದೆ, ಅದರಿಂದ ತೊಂದರೆಯಿಲ್ಲ. ಆದರೆ ಕರಿಚಹಾದಂತೆ ಕಂದಾಗಿದ್ದರೆ, ಕಣ್ಣು ಹಳದಿಯಾದರೆ, ಮೈ ತುರಿಸಿದರೆ, ಊಟ ಸೇರದಿದ್ದರೆ, ಬಲಪಕ್ಕೆಯ ಕೆಳಗೆ ನೋವಿದ್ದರೆ ಮೂಲಿಕೆಗಳನ್ನೆಲ್ಲ ಆ ಹೊತ್ತೇ ನಿಲ್ಲಿಸಿ, ಅದೇ ದಿನ ವೈದ್ಯರನ್ನು ಕಂಡು ಯಕೃತ್ತಿನ ರಕ್ತಪರೀಕ್ಷೆ ಮಾಡಿಸಿ. ಡಬ್ಬಿಯನ್ನೂ ಉಳಿದ ಪುಡಿಯನ್ನೂ ಎಸೆಯಬೇಡಿ, ಜೊತೆಗೆ ಒಯ್ಯಿರಿ. ಔಷಧಿಗಳ ಅಡ್ಡಪರಿಣಾಮ ತಿಳಿಸಲು ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 1800-180-3024 ಇದೆ, ರೋಗಿಗಳೂ ಕರೆ ಮಾಡಬಹುದು. ಆಹಾರ, ಔಷಧಿಗಳ ಮೇಲೆ ನಿಗಾ ಇಡುವ ಮಹಾರಾಷ್ಟ್ರ ಎಫ್‌ಡಿಎ ಕಚೇರಿ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲಿದೆ, ಕಲಬೆರಕೆಯ ಅನುಮಾನವಿದ್ದರೆ ಬಿಲ್ಲಿನ ಸಮೇತ ದೂರು ಕೊಡಿ. ಬಿಲ್ಲು ಇಲ್ಲದಿದ್ದರೂ ಬ್ಯಾಚ್ ಸಂಖ್ಯೆ ಕಾಣುವ ಡಬ್ಬಿ ಇಟ್ಟುಕೊಂಡಿರಿ.